ಇಟ್ಟಿಗೆ ಆಟ ನಮ್ಮ ಮಕ್ಕಳಿಗೂ ಸಿಗಲಿ

ಸಂಪಾದಕರೇ,

ರಜೆಗೆ ಮಲೇಷ್ಯಾ, ಸಿಂಗಾಪುರ ಅಂತ ಹೊರಡುವವರು ಈಗ ಕಲಬುರಗಿಯಲ್ಲೂ ಇದ್ದಾರೆ. 2012ರಲ್ಲಿ ಮಲೇಷ್ಯಾದ ಜೊಹೋರ್‌ನಲ್ಲಿ ಶುರುವಾದ, ಲೆಗೋ ಎಂಬ ಜೋಡಿಸುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳ ಮನರಂಜನಾ ಪಾರ್ಕ್ ಲೆಗೋಲ್ಯಾಂಡ್‌ಗೆ ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು. ದೊಡ್ಡ ರೈಡ್‌ಗಳ ಹಿಂದೆ ಓಡಬೇಡಿ. ಅವುಗಳಿಗೆ ಎತ್ತರದ ಮಿತಿ ಇದೆ, ಸಾಲಿನಲ್ಲಿ ನಿಂತು ನಿಂತು ಕೊನೆಗೆ ಮಗುವನ್ನು ಹತ್ತಿಸುವುದಿಲ್ಲ ಅಂದರೆ ಅದು ಅಳದೆ ಇರುತ್ತಾ? ಮನೆಯಲ್ಲೇ ಅಳತೆ ನೋಡಿಕೊಂಡು ಹೋಗಿ. ಮೂರು ನಾಲ್ಕು ವರ್ಷದವರಿಗೆ ಡುಪ್ಲೋ ಎಂಬ ದೊಡ್ಡ ಇಟ್ಟಿಗೆಗಳ ಜಾಗವೇ ಸಾಕು. ಆ ಇಟ್ಟಿಗೆ ಮಾಮೂಲಿ ಲೆಗೋಗಿಂತ ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡರಷ್ಟು ದೊಡ್ಡದು, ಪುಟ್ಟ ಕೈಗೆ ಚೆನ್ನಾಗಿ ಸಿಗುತ್ತದೆ, ನುಂಗುವ ಭಯವೂ ಕಡಿಮೆ. ನಮ್ಮದು ಒಣ ಬಿಸಿಲು, ಅಲ್ಲಿ ಬೆವರು ಜಾಸ್ತಿ, ಮಳೆಯೂ ಸುಮ್ನೆ ಸುರಿಯುತ್ತದೆ. ಬೇರೆ ಬಟ್ಟೆ ಇರಲಿ.

ಆದರೆ ಎಲ್ಲರಿಗೂ ಅಷ್ಟು ದೂರ ಹೋಗಲು ಆಗುತ್ತಾ? ನಮ್ಮ ಜಿಲ್ಲಾ ವಿಜ್ಞಾನ ಕೇಂದ್ರದಲ್ಲೇ ಚಿಕ್ಕವರಿಗೆ ಇಟ್ಟಿಗೆ ಜೋಡಿಸುವ ಒಂದು ಕೋಣೆ ಮಾಡಬಹುದು ಅಲ್ವಾ? ಲೆಗೋಲ್ಯಾಂಡ್‌ನ ಮಿನಿಲ್ಯಾಂಡ್ ಎಂಬ ಭಾಗದಲ್ಲಿ ಏಷ್ಯಾದ ಹೆಸರಾಂತ ಕಟ್ಟಡಗಳನ್ನು ಇಟ್ಟಿಗೆಯಲ್ಲೇ ನಿಲ್ಲಿಸಿದ್ದಾರೆ. ಇಲ್ಲಿ ನಮ್ಮ ಕೋಟೆಯನ್ನು, 1367ರ ಜಾಮಾ ಮಸೀದಿಯ ಸಾಲು ಗುಮ್ಮಟಗಳನ್ನು ಮಕ್ಕಳೇ ಕಟ್ಟಲಿ. ಸಂಬಂಧಪಟ್ಟವರು ದಯವಿಟ್ಟು ಈ ಬೇಸಿಗೆ ರಜೆಗೆ ಮುಂಚೆ ಯೋಚಿಸಬೇಕು.

ಓದುಗರೊಬ್ಬರು, ಕಲಬುರಗಿ