ಮುಂಗಾರಿಗೆ ಮೊದಲು ನಮ್ಮ ಓದುಮನೆಗೆ ತಾರಸಿ: ಒಂದು ಮನವಿ

ಆತ್ಮೀಯ ಬಂಧುಗಳೇ, ಜೈ ಭೀಮ್.

ಈ ಸಲದ ಭರಣಿ ಮಳೆಗೆ ನಮ್ಮ ಓದುಮನೆ ಮತ್ತೆ ಸೋರಿತು. ನೀರು ಇಳಿದದ್ದು ದಲಿತ ಚಳವಳಿಯ ಹಿರಿಯರ ಮಾತು ರೆಕಾರ್ಡ್ ಮಾಡಿದ ಕ್ಯಾಸೆಟ್ ಇಟ್ಟಿದ್ದ ಬೀರುವಿಗೆ. ಹುಡುಗರು ರಾತ್ರಿಯೆಲ್ಲ ಒಂದೊಂದನ್ನೇ ಒರೆಸಿ ಫ್ಯಾನಿನ ಕೆಳಗೆ ಹರವಿದರು. ಆದರೂ ಹನ್ನೊಂದು ಹಾಳಾದವು. ಅವುಗಳಲ್ಲಿ ಮಾತಾಡಿದ್ದ ಇಬ್ಬರು ಹಿರಿಯರು ಈಗ ಇಲ್ಲ. ಮತ್ತೆ ಯಾರನ್ನು ಕೇಳೋಣ?

ಆ ಕ್ಯಾಸೆಟ್‌ಗಳ ಬೆಲೆ ನಿಮಗೆ ಗೊತ್ತೇ ಇದೆ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು. ಅದಕ್ಕೆ ಊರೂರಲ್ಲಿ ಗಲಾಟೆ ಎದ್ದಿತು. ಏಟು ತಿಂದವರು ದಲಿತ ಹುಡುಗರು, ಕಲ್ಲು ಬಿದ್ದದ್ದು ಅವರ ಹಾಸ್ಟೆಲ್‌ಗಳಿಗೆ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ನಿಂತಿದ್ದ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅಲ್ಲಿಯವರೆಗೆ ತಲೆ ತಗ್ಗಿಸಿ ಓದುತ್ತಿದ್ದ ಹುಡುಗರು ಆ ದಿನಗಳಲ್ಲೇ ಬೀದಿಗೆ ಬಂದರು. ಮುಂದೆ ಭದ್ರಾವತಿಯ ಮೇಷ್ಟ್ರು ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಎಂದು ಹಳ್ಳಿ ಹಳ್ಳಿ ತಿರುಗಿದರು.

ಕ್ಯಾಸೆಟ್‌ಗಳಲ್ಲಿ ಮಾತಾಡಿರುವುದು ಆ ಹುಡುಗರೇ; ಈಗ ಇರುವವರಿಗೆಲ್ಲ ಎಪ್ಪತ್ತು ದಾಟಿದೆ. ಆ ದಿನಗಳ ಏಟಿನ ಬಗ್ಗೆ ನಗುತ್ತಲೇ ಹೇಳುತ್ತಾರೆ. ಸಮಿತಿ ಬಣಗಳಾಗಿ ಒಡೆದದ್ದನ್ನು ಹೇಳುವಾಗ ಮಾತ್ರ ದನಿ ಸಣ್ಣಗಾಗುತ್ತದೆ. ಅದನ್ನೂ ನಾವು ಅಳಿಸಿಲ್ಲ. ಮಕ್ಕಳು ಅದನ್ನೂ ಕೇಳಬೇಕು, ಅಲ್ವಾ?

ಬಾಡಿಗೆ ಕೋಣೆಯಲ್ಲಿ ಎರಡು ಬೆಂಚಿನಿಂದ ಶುರುವಾದ ಓದುಮನೆ ಇದು. ಹತ್ತಿರದ ಹಾಸ್ಟೆಲ್‌ಗಳಿಂದ ದಿನಾ ಸಂಜೆ ನಲವತ್ತು ಮಕ್ಕಳು ಬರುತ್ತಾರೆ. ಜಾಸ್ತಿ ಮಕ್ಕಳ ಮನೆಯಲ್ಲಿ ಶಾಲೆ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲು. ಇಲ್ಲಿ ಓದಿದ ಮೂವರು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಒಬ್ಬಳು ನರ್ಸ್. ಹೋದ ವರ್ಷ ತಾಯಿಯನ್ನು ಕರೆತಂದು ತಾನು ಕೂರುತ್ತಿದ್ದ ಬೆಂಚು ತೋರಿಸಿದಳು. ನಮಗೆ ಅಷ್ಟು ಸಾಕಿತ್ತು. ಈವರೆಗೆ ಯಾರ ಮುಂದೆಯೂ ಕೈ ಚಾಚಿರಲಿಲ್ಲ. ಟ್ರಸ್ಟಿಗಳೇ ಪಿಂಚಣಿಯಲ್ಲಿ ಉಳಿಸಿ ನಡೆಸಿದೆವು.

ಈಗ ಕೈಲಾಗುತ್ತಿಲ್ಲ. ತಾರಸಿ ರಿಪೇರಿಗೆ ಮೂರೂವರೆ ಲಕ್ಷದ ಹತ್ತಿರ ಆಗಬಹುದು. ಉಳಿದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಇನ್ನೊಂದು ಲಕ್ಷ ಬೇಕು. ಮುಂಗಾರು ಹಿಡಿಯುವ ಮೊದಲು ಕೆಲಸ ಮುಗಿಯಬೇಕು. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ನಿಮ್ಮ ಮನೆಯಲ್ಲಿ ಆ ಕಾಲದ ಕರಪತ್ರ, ಫೋಟೋ, ಕೆಲಸ ಮಾಡುವ ಟೇಪ್ ರೆಕಾರ್ಡರ್ ಇದ್ದರೆ ಅದನ್ನೂ ದಯವಿಟ್ಟು ತಂದುಕೊಡಿ. ಓದುಮನೆ ದಿನಾ ಸಂಜೆ ಐದರಿಂದ ಒಂಬತ್ತರವರೆಗೆ ತೆರೆದಿರುತ್ತದೆ.

ನಿಮ್ಮ ಟ್ರಸ್ಟಿಗಳು