ಮದ್ದು ಸೊಪ್ಪು ಇರಲಿ, ಮೊದಲು ಸೂಜಿ ಪರೀಕ್ಷೆ ಮಾಡಿಸಿ: ಶಾಸಕರಿಗೊಂದು ಪತ್ರ

ವಿರಾಜಪೇಟೆ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ ನಮ್ಮ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ತಪ್ಪುವುದಿಲ್ಲ. ಸೊಪ್ಪು ಕುದಿಸಿದರೆ ನೀರು ನೇರಳೆಗೆ ತಿರುಗುತ್ತದೆ, ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಮಕ್ಕಳಿಗೆ ಅದೇ ತಮಾಷೆ. ಆ ದಿನ ಅದರಲ್ಲಿ 18 ಬಗೆಯ ಮದ್ದು ಇರುತ್ತದೆ ಅಂತ ಹಿರಿಯರ ಮಾತು. ನಾನೂ ಎರಡು ಬಟ್ಟಲು ಜಾಸ್ತಿಯೇ ತಿನ್ನುವವನು.

ಆದರೆ ನಮ್ಮ ಚಿಕ್ಕಮ್ಮನ ಕುತ್ತಿಗೆಯಲ್ಲಿ ಗಂಟು ಬಂದಾಗ ಗಿಡಮದ್ದಿನ ನಂಬಿಕೆ ನಮ್ಮನ್ನು ಆರು ವಾರ ಮನೆಯಲ್ಲೇ ಕೂರಿಸಿತು. ಅರಿಶಿನದ ಕಷಾಯ, ಅಶ್ವಗಂಧದ ಪುಡಿ, ಯಾರೋ ತಂದುಕೊಟ್ಟ ಬೇರು. ಮೊದಲು ಸ್ವರ ಒಡೆಯಿತು. ಹವಳದ ಸರದ ಕೊಂಡಿ ಹಾಕಲು ಆಗದೆ ಅವರೇ ಬಿಚ್ಚಿಟ್ಟರು. ಆಮೇಲೆ ಗಂಜಿಯೂ ಇಳಿಯಲಿಲ್ಲ. ಕೊನೆಗೆ ಒಂದು ಆಸ್ಪತ್ರೆಗೆ ಹೋದರೆ, ಸೂಜಿ ಪರೀಕ್ಷೆಗೆ, ಅಂದರೆ ಗಂಟಿಗೆ ಸೂಜಿ ಚುಚ್ಚಿ ಕೋಶ ತೆಗೆದು ನೋಡುವ ಪರೀಕ್ಷೆಗೆ, ಮೈಸೂರಿಗೆ ಹೋಗಿ ಅಂದರು. ವರದಿ ಬಂತು: ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್, ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಬರುವ ಕ್ಯಾನ್ಸರ್‌ನಲ್ಲೇ ತೀರಾ ಉಗ್ರವಾದದ್ದು.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ನಿಧಾನದವು, ವಾಸಿಯಾಗುವಂಥವು. ಇದು ನೂರರಲ್ಲಿ ಒಂದೋ ಎರಡೋ. ಆದರೆ ವಾರ ವಾರಕ್ಕೂ ಬೆಳೆಯುತ್ತದೆ. ಬಿಆರ್‌ಎಎಫ್ ಜೀನಿನಲ್ಲಿ ಒಂದು ಬದಲಾವಣೆ ಇದ್ದವರಿಗೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ. ಆ ಜೀನ್ ಪರೀಕ್ಷೆ ಮಾಡಿಸುವಷ್ಟು ದಿನ ಚಿಕ್ಕಮ್ಮನಿಗೆ ಉಳಿದಿರಲಿಲ್ಲ.

ಗಿಡದಿಂದ ಮದ್ದು ಅನ್ನುವುದು ಸುಳ್ಳಲ್ಲ. ಈ ಕಾಯಿಲೆಗೂ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. 1962ರಲ್ಲಿ ತೊಗಟೆ ಕೆತ್ತಿ ತಂದರು. ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ, ಅದೂ ಅಂಡಾಶಯದ ಕ್ಯಾನ್ಸರ್‌ಗೆ. ಅರಿಶಿನದಲ್ಲಿರುವ ಕರ್ಕ್ಯುಮಿನ್, ಅಶ್ವಗಂಧದಲ್ಲಿರುವ ವಿಥಾಫೆರಿನ್ ಎಂಬ ಅಂಶಗಳು ಕೂಡ ಪ್ರಯೋಗಾಲಯದ ತಟ್ಟೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಕೋಶಗಳನ್ನು ಕೊಂದಿವೆ. ತಟ್ಟೆ ಬೇರೆ, ಮನುಷ್ಯರ ಮೈ ಬೇರೆ ಅಲ್ವಾ? ಕರ್ಕ್ಯುಮಿನ್ ಎಷ್ಟು ತಿಂದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇದನ್ನು ಹೇಳದೆ ವೇದಿಕೆ ಮೇಲೆ ‘ನಮ್ಮ ಕಾಡಲ್ಲೇ ಕ್ಯಾನ್ಸರ್‌ಗೆ ಮದ್ದಿದೆ’ ಅನ್ನುವವರನ್ನು ಕಂಡರೆ ನನಗೆ ಆ ಆರು ವಾರ ನೆನಪಾಗುತ್ತದೆ.

ಪೊನ್ನಂಪೇಟೆಯ ಅರಣ್ಯ ಕಾಲೇಜು, ಮಡಿಕೇರಿಯ ವೈದ್ಯಕೀಯ ಕಾಲೇಜು ಸೇರಿ ನಮ್ಮ ಗಿಡಗಳ ಮೇಲೆ ಕೆಲಸ ಮಾಡಲಿ. ಅದಕ್ಕೆ ಹಣ ಕೊಡಿಸಿ, ಮೂವತ್ತು ವರ್ಷ ಬೇಕಾದರೂ ಕಾಯೋಣ. ಕುತ್ತಿಗೆಯ ಗಂಟು ಕಾಯುವುದಿಲ್ಲ. ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ವಾರಕ್ಕೊಂದು ದಿನ ಸೂಜಿ ಪರೀಕ್ಷೆಗೆಂದೇ ಗೊತ್ತು ಮಾಡಿಸಿ. ಕೋಶ ಹಚ್ಚಿದ ಗಾಜಿನ ಸ್ಲೈಡು ಮಡಿಕೇರಿಗೆ ಹೋಗಲಿ, ವರದಿ ಫೋನಿಗೆ ಬರಲಿ. ಯಾವ ದಿನ ಅಂತ ಕಕ್ಕಡಕ್ಕೆ ಮುಂಚೆ ತಿಳಿಸಿದರೆ, ಊರಿನ ಅಂಗನವಾಡಿ ಗೋಡೆ ಮೇಲೆ ಬರೆಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ