ಗ್ರಂಥಾಲಯದ ಪುಸ್ತಕಗಳ ಕುರಿತು ಪೋಷಕರಿಗೆ ಪತ್ರ

ಮುಂಬಯಿ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ನಮ್ಮ ಗ್ರಂಥಾಲಯದಿಂದ ಮೇಲಿನ ತರಗತಿಯ ಮಗುವೊಂದು ಓದಲು ಒಯ್ದಿದ್ದ ಜನ್ನನ ‘ಯಶೋಧರ ಚರಿತೆ’ಯ ಗದ್ಯರೂಪವು ಕಳೆದ ವಾರ ಹಿಂದಿರುಗಿದಾಗ ಅದರ ಎರಡು ಪುಟಗಳ ಮೇಲೆ ಬಿಳಿ ಕಾಗದವನ್ನು ಅಂಟಿಸಲಾಗಿತ್ತು. ಇಂತಹ ಅಶ್ಲೀಲ ಭಾಗಗಳನ್ನು ಎಲ್ಲ ಪುಸ್ತಕಗಳಿಂದಲೂ ತೆಗೆಯಬೇಕೆಂಬ ಚೀಟಿಯೂ ಜೊತೆಗಿತ್ತು. ದಿನವಿಡೀ ದುಡಿದು ಬಂದ ಮೇಲೂ ಮಗು ಓದುವುದನ್ನು ತೆರೆದು ನೋಡುವ ಪೋಷಕರ ಬಗ್ಗೆ ನನಗೆ ಗೌರವವಿದೆ. ಆದರೆ ಪುಟ ಮುಚ್ಚುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

1209ರ ಈ ಕಾವ್ಯದಲ್ಲಿ ರಾಣಿ ಅಮೃತಮತಿ ಕುರೂಪಿ ಮಾವುತನೊಬ್ಬನಿಗೆ ಮನಸೋಲುತ್ತಾಳೆ. ಅದನ್ನು ಕಣ್ಣಾರೆ ಕಂಡ ಅವಳ ಗಂಡ, ರಾಜ ಯಶೋಧರನು ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ಶಾಂತಿಗಾಗಿ ಬಲಿ ಕೊಡಬೇಕೆಂದು ತಾಯಿ ಹಟ ಹಿಡಿದಾಗ, ಜೀವ ತೆಗೆಯಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪ ಹಿಂಸೆ, ಅಂದರೆ ಮನಸ್ಸಿನಲ್ಲೇ ಮಾಡಿದ ಹಿಂಸೆ, ಒಂದರಿಂದಲೇ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕಾಗದದ ಅಡಿಯಲ್ಲಿದ್ದುದು ರಾಜನು ಕಣ್ಣಾರೆ ಕಂಡ ಆ ಇರುಳು. ಅದನ್ನು ತೆಗೆದರೆ ಸುಳ್ಳು ಕನಸಿಗೂ ಬಲಿಗೂ ಕಾರಣವೇ ಉಳಿಯದು. ಅಲ್ಲದೆ ಮಕ್ಕಳು ಆ ಎರಡು ಪುಟಗಳನ್ನೇ ಕಿಟಕಿಯ ಬೆಳಕಿಗೆ ಹಿಡಿದು ಓದಲು ಯತ್ನಿಸುತ್ತಿದ್ದುದನ್ನು ನಾನೇ ನೋಡಿದೆ.

ಇಂಗ್ಲೆಂಡಿನ ಥಾಮಸ್ ಬೌಡ್ಲರ್, ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಲಾಗದ ಮಾತುಗಳನ್ನು ಬಿಟ್ಟು, 1818ರಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು 10 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವರ ಕತ್ತರಿಯನ್ನು ನಾನು ಒಪ್ಪುವುದಿಲ್ಲವಾದರೂ, ಮಾತುಗಳನ್ನು ಬಿಟ್ಟಿದ್ದೇನೆಂದು ಅವರು ಶೀರ್ಷಿಕೆ ಪುಟದಲ್ಲೇ ತಿಳಿಸಿದ್ದರೆಂಬುದನ್ನು ಮೆಚ್ಚುತ್ತೇನೆ. ಓದುಗನಿಗೆ ತಿಳಿಸದೆ ತೆಗೆಯುವುದು ಕವಿಗೂ ಮಗುವಿಗೂ ಮಾಡುವ ಮೋಸ.

ಆದ್ದರಿಂದ ಏಳನೇ ತರಗತಿಯವರೆಗಿನ ಮಕ್ಕಳ ಪುಸ್ತಕಗಳಿಗೆ ಬೇರೆ ಕಪಾಟು ಇರುತ್ತದೆ. ಅಲ್ಲಿಡುವ ಸಂಕ್ಷಿಪ್ತ ರೂಪಗಳ ಮೇಲೆ ‘ಸಂಕ್ಷಿಪ್ತ’ ಎಂದೇ ಬರೆದಿರುತ್ತದೆ. ಹಳಗನ್ನಡ ಕಾವ್ಯಗಳ ಗದ್ಯರೂಪಗಳನ್ನು ಎಂಟರಿಂದ ಹತ್ತನೇ ತರಗತಿಯವರಿಗೆ ಮಾತ್ರ, ಕನ್ನಡ ಶಿಕ್ಷಕರು ಮೊದಲು ಹಿನ್ನೆಲೆ ವಿವರಿಸಿದ ನಂತರ ಕೊಡಲಾಗುವುದು. ತಮ್ಮ ಮಗುವಿಗೆ ಯಾವುದಾದರೂ ಪುಸ್ತಕ ಬೇಡವೆನಿಸಿದರೆ ಗ್ರಂಥಾಲಯದ ಕಾರ್ಡಿನಲ್ಲಿ ಬರೆದು ಸಹಿ ಮಾಡಿರಿ, ಅದನ್ನು ಖಂಡಿತ ಪಾಲಿಸುತ್ತೇವೆ. ಪುಸ್ತಕಕ್ಕೆ ಮಾತ್ರ ದಯವಿಟ್ಟು ಗೋಂದು, ಶಾಯಿ, ಕತ್ತರಿ ತಾಗಿಸಬೇಡಿ. ಊರಿಗೆ ಹೋದವರು ಚೀಲದಲ್ಲಿ ಹೊತ್ತು ತಂದ ಪುಸ್ತಕಗಳಿವು, ಈ ನಗರದಲ್ಲಿ ಇನ್ನೊಂದು ಪ್ರತಿ ಸುಲಭವಾಗಿ ಸಿಗುವುದಿಲ್ಲ.

ಒದ್ದೆ ಬಟ್ಟೆಯಿಂದ ಕಾಗದವನ್ನು ಬಿಡಿಸಿದ್ದೇವೆ. ಕೆಲವು ಸಾಲುಗಳು ಅಳಿಸಿಹೋಗಿವೆ. ಚೀಟಿ ಬರೆದವರು ಶನಿವಾರ ಶಾಲೆ ಬಿಟ್ಟ ನಂತರ ನನ್ನ ಕೊಠಡಿಗೆ ಬಂದರೆ, ಉಳಿದುದನ್ನು ಜೊತೆಯಲ್ಲಿ ಕುಳಿತು ಓದೋಣ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ